ಸೇತುವೆ ಇದ್ದ ಸ್ಥಳವನ್ನು ಓದುವುದು

(ಸೇವಾನಿರತ ಅಧ್ಯಾಪಕರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಪರಿಸರ ಅಧ್ಯಯನದ ಪಾಠದಲ್ಲಿ ನಾವು ಮಕ್ಕಳಿಗೆ ಕೆರೆ, ಕೋಟೆ, ಸೇತುವೆಗಳನ್ನು ತೋರಿಸುತ್ತೇವೆ. ಇವೆಲ್ಲ ಕಣ್ಣಿಗೆ ಕಾಣುವಂಥವು. ಇದ್ದು ಇಲ್ಲವಾದದ್ದನ್ನು ತೋರಿಸುವ ಬಗೆ ಹೇಗೆ? ದೂರದ ಒಂದು ಉದಾಹರಣೆಯಿಂದ ಈ ಪ್ರಶ್ನೆಯನ್ನು ವಿಚಾರಿಸೋಣ.

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಲೀಡ್ಸ್ ಮತ್ತು ಲಿವರ್‌ಪೂಲ್ ನಗರಗಳನ್ನು ಜೋಡಿಸುವ ಕಾಲುವೆಯೊಂದಿದೆ. ಕಾಲುವೆಯೆಂದೊಡನೆ ನಮಗೆ ಗದ್ದೆಗೆ ನೀರುಣಿಸುವ ಕಾಲುವೆ ನೆನಪಾಗುತ್ತದೆ. ಇದು ಸರಕಿನ ದೋಣಿಗಳಿಗಾಗಿ ತೋಡಿದ ಜಲಮಾರ್ಗ. 1770ರಲ್ಲಿ ಆರಂಭವಾದ ಕೆಲಸ 1816ರಲ್ಲಿ ಪೂರ್ಣಗೊಂಡಿತು. ಉದ್ದ ಸುಮಾರು 204 ಕಿಲೋಮೀಟರ್. ಕಲ್ಲಿದ್ದಲು, ಸುಣ್ಣದ ಕಲ್ಲು, ಹತ್ತಿ, ಉಣ್ಣೆಗಳನ್ನು ಹೊತ್ತ ದೋಣಿಗಳನ್ನು ಮೊದಲು ಕುದುರೆಗಳು ದಡದ ಹಾದಿಯಲ್ಲಿ ನಡೆಯುತ್ತ ಹಗ್ಗದಿಂದ ಎಳೆಯುತ್ತಿದ್ದವು.

ಕಾಲುವೆ ಹಾದುಹೋದಲ್ಲೆಲ್ಲ ಜಮೀನು ಎರಡು ಪಾಲಾಯಿತು. ಮನೆ ಒಂದು ದಡದಲ್ಲಿ, ಹುಲ್ಲುಗಾವಲು ಇನ್ನೊಂದು ದಡದಲ್ಲಿ. ಅಂಥ ರೈತರಿಗೆ ದಾಟುವ ವ್ಯವಸ್ಥೆ ಮಾಡಿಕೊಡುವುದು ಕಾಲುವೆ ಕಂಪನಿಯ ಹೊಣೆಯಾಗಿತ್ತು. ಎತ್ತರದ ಕಲ್ಲಿನ ಕಮಾನಿಗೆ ಖರ್ಚು ಹೆಚ್ಚು. ಆದ್ದರಿಂದ ಸಮತಟ್ಟು ನೆಲದಲ್ಲಿ ಅನೇಕ ಕಡೆ ಮರದ ತಿರುಗು ಸೇತುವೆಗಳನ್ನು ಹಾಕಿದರು. ಸೇತುವೆಯ ಹಾಸು ಒಂದು ದಡದ ಮೇಲಿನ ತಿರುಗಣೆಯ ಮೇಲೆ ಕುಳಿತಿರುತ್ತದೆ. ದೋಣಿ ಬಂದಾಗ ಒಬ್ಬರು ಇಳಿದು ಉದ್ದನೆಯ ತೊಲೆಯನ್ನು ದೂಡಿದರೆ, ಹಾಸು ಬಾಗಿಲಿನಂತೆ ತಿರುಗಿ ದಾರಿ ಬಿಡುತ್ತದೆ. ಎಳೆಯುವ ಹಗ್ಗಕ್ಕೆ ತೊಡಕಾಗದಂತೆ ತಿರುಗಣೆ ಸಾಮಾನ್ಯವಾಗಿ ಕುದುರೆ ಹಾದಿಯ ಎದುರು ದಡದಲ್ಲಿರುತ್ತದೆ. ದೋಣಿ ದಾಟುವಾಗ ಗಾಡಿ ಕಾಯಬೇಕು, ಗಾಡಿ ದಾಟುವಾಗ ದೋಣಿ ಕಾಯಬೇಕು.

ಕಾಲಕ್ರಮದಲ್ಲಿ ಇಂಥ ಕೆಲವು ಸೇತುವೆಗಳ ಅಗತ್ಯ ತೀರಿತು, ಅವನ್ನು ತೆಗೆದುಹಾಕಲಾಯಿತು. ಆದರೆ ಸ್ಥಳ ತನ್ನ ಕಥೆಯನ್ನು ಬಿಟ್ಟುಕೊಟ್ಟಿಲ್ಲ. ಮೊದಲನೆಯ ಗುರುತು: ಅಗಲವಾಗಿ ಹರಡಿಕೊಂಡಿದ್ದ ಕಾಲುವೆ ಅಲ್ಲಿ ಹಠಾತ್ತನೆ ಕಿರಿದಾಗುತ್ತದೆ. ಹಾಸು ಗಿಡ್ಡವಾದಷ್ಟೂ ತಿರುಗಿಸುವುದು ಸುಲಭವಾದ್ದರಿಂದ, ಒಂದು ದೋಣಿ ನುಸುಳುವಷ್ಟೇ ಜಾಗ ಬಿಟ್ಟು ದಡಗಳನ್ನು ಹತ್ತಿರ ತಂದಿದ್ದರು. ಎರಡನೆಯದು, ದಡಕ್ಕೆ ಕಟ್ಟಿದ ಕಲ್ಲುಗಳು. ಮೂರನೆಯದು ಸಂಖ್ಯೆ. ಸೇತುವೆಗಳಿಗೆಲ್ಲ ಅನುಕ್ರಮ ಸಂಖ್ಯೆಯಿದೆ. ಒಂದನ್ನು ತೆಗೆದರೆ ಉಳಿದವುಗಳ ಸಂಖ್ಯೆ ಬದಲಾಗುವುದಿಲ್ಲ. ಎಣಿಸುತ್ತ ಹೋದವನಿಗೆ ನಡುವೆ ಒಂದು ಸಂಖ್ಯೆ ಸಿಗುವುದಿಲ್ಲ.

ಅಲ್ಲಿ ನಿಂತ ಮಗು "ಇಲ್ಲಿ ಮಾತ್ರ ಕಾಲುವೆ ಏಕೆ ಕಿರಿದು?" ಎಂದು ಕೇಳಿದರೆ, ಆ ಒಂದು ಪ್ರಶ್ನೆಯಿಂದ ಜಮೀನು, ಕಾನೂನು, ಯಂತ್ರ, ವ್ಯಾಪಾರ ಎಲ್ಲವೂ ತೆರೆದುಕೊಳ್ಳುತ್ತವೆ. ಮಾಹಿತಿ ಹೇಳುವುದಕ್ಕಿಂತ ಮೊದಲು ಆ ಪ್ರಶ್ನೆ ಹುಟ್ಟಲು ಅವಕಾಶ ಕೊಡುವುದೇ ಅಧ್ಯಾಪಕನ ಕೆಲಸ.

ಈ ಮಾತನ್ನು ನಾನು ತಪ್ಪು ಮಾಡಿ ಕಲಿತವನು. ವೃತ್ತಿಯ ಆರಂಭದಲ್ಲಿ ಕಾಸರಗೋಡಿನ ಹೊಳೆಬದಿಯ ಒಂದು ಶಾಲೆಯಲ್ಲಿದ್ದೆ. ಸಮೀಪದ ಜಾಗಕ್ಕೆ ಕಡವು ಎಂದೇ ಹೆಸರು. ಹೊಳೆಗೆ ಸೇತುವೆ ಬಂದು ದೋಣಿ ನಿಂತುಹೋಗಿತ್ತು. ಒಬ್ಬ ಹುಡುಗ ಎದ್ದು, "ಮಾಷ್ಟ್ರೇ, ದೋಣಿಯೇ ಇಲ್ಲವಲ್ಲ, ಮತ್ತೆ ಕಡವು ಅಂತ ಯಾಕೆ ಹೇಳುವುದು?" ಎಂದ. "ಅದು ಪಾಠದಲ್ಲಿಲ್ಲ, ಕೂತುಕೋ" ಎಂದೆ. ಅವನ ಅಜ್ಜ ಅದೇ ಕಡವಿನಲ್ಲಿ ದೋಣಿ ನಡೆಸಿದವರೆಂದು ನನಗೆ ತಿಳಿಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಹುಟ್ಟು, ಹಗ್ಗ, ಸುಳಿ, ನೆರೆಗಳ ಕುರಿತು ಅವರ ಬಾಯಲ್ಲಿದ್ದ ಮಾತುಗಳು ಯಾವ ನಿಘಂಟಿನಲ್ಲಿ ದೊರೆಯಬೇಕು? ಆ ಹುಡುಗ ಮತ್ತೆ ಪ್ರಶ್ನೆ ಕೇಳಿದ್ದು ನನಗೆ ನೆನಪಿಲ್ಲ.

ಗಡಿನಾಡಿನ ನಮಗೆ ಇದು ಹೆಚ್ಚು ಅನ್ವಯಿಸುತ್ತದೆ. ಊರ ಫಲಕ ಬೇರೆ ಲಿಪಿಯಲ್ಲಿದ್ದರೂ ಸ್ಥಳನಾಮದೊಳಗೆ ಎಷ್ಟೋ ಕಡೆ ಹಳೆಯ ಬದುಕು ಉಳಿದಿದೆ. ಅದನ್ನು ಹಕ್ಕುಸಾಧನೆಯ ಪತ್ರವೆಂದು ಮಕ್ಕಳ ಕೈಗೆ ಕೊಡಬಾರದು. ಕನ್ನಡದ ಕಡವು ಮಲಯಾಳದಲ್ಲಿಯೂ ಕಡವೇ; ಹೊಳೆ ದಾಟಿದವರೆಲ್ಲರೂ ಸೇರಿ ಉಳಿಸಿಕೊಂಡ ಪದ ಅದು.

ಆದ್ದರಿಂದ ಒಂದು ಚಟುವಟಿಕೆಯನ್ನು ಸೂಚಿಸುತ್ತೇನೆ. ಈಗ ಇಲ್ಲದ, ಆದರೆ ಗುರುತು ಉಳಿದಿರುವ ಒಂದು ಸ್ಥಳವನ್ನು ನಿಮ್ಮ ಶಾಲೆಯ ಸುತ್ತಮುತ್ತ ಆರಿಸಿ: ಮುಚ್ಚಿದ ಬಾವಿ, ನಿಂತ ಗಾಣ, ಸಂತೆಯಿಲ್ಲದ ಸಂತೆಕಟ್ಟೆ. ಮಕ್ಕಳು ಮೊದಲು ಸುಮ್ಮನೆ ನೋಡಲಿ. ಕಂಡ ಗುರುತುಗಳನ್ನೂ ಮೂಡಿದ ಪ್ರಶ್ನೆಗಳನ್ನೂ ಬರೆದುಕೊಳ್ಳಲಿ. ಅನಂತರ ಮನೆಯ ಹಿರಿಯರನ್ನು ಕೇಳಿ, ಅವರು ಆಡಿದ ಪದಗಳನ್ನು ಆಡಿದಂತೆಯೇ ದಾಖಲಿಸಲಿ. ಉತ್ತರ ನಿಮಗೆ ಗೊತ್ತಿದ್ದರೂ ಒಂದು ವಾರ ತಡೆದುಕೊಳ್ಳಿ.

ಕಲ್ಲು ಇನ್ನೂರು ವರ್ಷ ಕಾಯಬಲ್ಲದು. ನಮ್ಮೂರಿನ ಅಜ್ಜ ಅಜ್ಜಿಯರು ಅಷ್ಟು ಕಾಲ ಕಾಯಲಾರರು. ಈ ವರ್ಷವೇ ಕೇಳಿಸೋಣ.