ಊಟ ಬಲ್ಲ ಊರು

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಮಾತು ಸತ್ಯವಾದುದೇ. ಆದರೆ ಈ ಗಾದೆ ಹೇಳುವುದು ಒಬ್ಬನ ವಿಷಯವನ್ನು. ಅಂಗಡಿಯವನ ಸರಕು, ನೆಂಟರ ಉಪಚಾರ, ಮದುವೆ ಮುಂಜಿಗಳ ಪದ್ಧತಿ ಇವೆಲ್ಲ ಬೇರೆ ದಾರಿ ಹಿಡಿದಿರುವಾಗ, ಊಟ ಬಲ್ಲವನೊಬ್ಬನ ಹಟ ಎಷ್ಟು ದಿನ ನಿಂತೀತು? ಪಥ್ಯ ಹಿಡಿದವರಿಗೆ ಇದರ ಕಷ್ಟ ಗೊತ್ತು. ಒಬ್ಬನಿಂದಾಗದ ಕೆಲಸ ಒಂದು ಊರಿನಿಂದ ಆದೀತೇ ಎಂಬ ಪ್ರಶ್ನೆಗೆ ಇಡೀ ಒಂದು ಪ್ರಾಂತವೇ ಉತ್ತರ ಕೊಟ್ಟ ಕಥೆಯಿದೆ. ಅದನ್ನು ಈ ದಿನ ನಿಮ್ಮ ಮುಂದಿಡುತ್ತೇನೆ.

ಯೂರೋಪಿನ ಉತ್ತರ ಭಾಗದಲ್ಲಿ ಫಿನ್ಲೆಂಡ್ ದೇಶ. ಅದರ ಪೂರ್ವದಲ್ಲಿ, ರಷ್ಯದ ಗಡಿಗೆ ಹೊಂದಿಕೊಂಡು, ಉತ್ತರ ಕರೇಲಿಯ ಎಂಬ ಪ್ರಾಂತವಿದೆ. ಎತ್ತ ನೋಡಿದರೂ ಕಾಡು, ಕಾಡಿನ ನಡುವೆ ಸರೋವರಗಳು. ಚಳಿಗಾಲದಲ್ಲಿ ಹಗಲು ಕೆಲವೇ ಗಂಟೆ, ತಿಂಗಳುಗಟ್ಟಲೆ ಹಿಮ. 1970ರ ಸುಮಾರಿಗೆ ಅಲ್ಲಿದ್ದವರು ಎರಡು ಲಕ್ಷದಷ್ಟು ಜನ. ಹೆಚ್ಚಿನವರು ಸಣ್ಣ ಹಿಡುವಳಿಯವರು; ನಾಲ್ಕಾರು ಹಸು ಸಾಕಿ, ಬಿಡುವಿನಲ್ಲಿ ಕಾಡಿಗೆ ಹೋಗಿ ಮರ ಕಡಿದು ಬದುಕುತ್ತಿದ್ದರು. ಗಟ್ಟಿ ಮೈಯ, ದುಡಿಮೆಗೆ ಅಂಜದ ಜನ. ಆದರೂ ಅಲ್ಲಿನ ಗಂಡಸರು ನಲವತ್ತು ಐವತ್ತರ ವಯಸ್ಸಿಗೇ ಹೃದಯಾಘಾತದಿಂದ ಸಾಯುತ್ತಿದ್ದರು. ಹೃದ್ರೋಗದ ಸಾವಿನಲ್ಲಿ ಜಗತ್ತಿಗೇ ಮೊದಲಿನ ಸಾಲಿನಲ್ಲಿತ್ತು ಆ ಪ್ರಾಂತ. ಹಳ್ಳಿ ಹಳ್ಳಿಯಲ್ಲೂ ಎಳೆಯ ಮಕ್ಕಳನ್ನು ಕಟ್ಟಿಕೊಂಡ ವಿಧವೆಯರು.

ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಏಳು ದೇಶಗಳ ಜನರ ಆಹಾರವನ್ನೂ ಹೃದಯವನ್ನೂ ಹೋಲಿಸಿ ನೋಡಿದ ಪ್ರಸಿದ್ಧ ಅಧ್ಯಯನದಲ್ಲಿ ಈ ಭಾಗದವರೂ ಸೇರಿದ್ದರು. ಅಲ್ಲಿ ಪರೀಕ್ಷೆ ಆರಂಭವಾದುದು 1959ರಲ್ಲಿ. ಕಂಡುಬಂದ ಸಂಗತಿ ಹಲವರನ್ನು ಬೆರಗುಗೊಳಿಸಿತು. ಮೈಮುರಿದು ದುಡಿಯುವವನಿಗೆ ರೋಗ ಬಾರದು ಎಂದು ನಾವು ನಂಬಿದ್ದೇವಲ್ಲವೆ? ದಿನವೆಲ್ಲ ಕೊಡಲಿ ಬೀಸುತ್ತಿದ್ದ ಈ ಮರಕಡಿಯುವವರ ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಕೊಬ್ಬಿನ ವಸ್ತು ಮಿತಿಮೀರಿ ತುಂಬಿತ್ತು. ಇದು ಹೃದಯಕ್ಕೆ ರಕ್ತ ಒಯ್ಯುವ ನಾಳಗಳ ಒಳಗೋಡೆಗೆ ಕಟ್ಟಿಕೊಂಡು ದಾರಿಯನ್ನು ಕಿರಿದು ಮಾಡುತ್ತದೆ. ದುಡಿಮೆ ಒಳ್ಳೆಯದೇ, ಆದರೆ ತಟ್ಟೆಯಲ್ಲಿ ಬಿದ್ದುದನ್ನೆಲ್ಲ ಅದೊಂದೇ ಕರಗಿಸಲಾರದು ಎಂಬುದು ಅಲ್ಲಿ ಸಿದ್ಧವಾಯಿತು.

ತಟ್ಟೆಯಲ್ಲಿ ಬೀಳುತ್ತಿದ್ದುದೇನು? ರೊಟ್ಟಿಯ ಮೇಲೆ ದಪ್ಪನಾಗಿ ಬೆಣ್ಣೆ, ಕೆನೆ ತೆಗೆಯದ ಹಾಲು, ಕೊಬ್ಬಿನ ಮಾಂಸ, ಎಲ್ಲದರಲ್ಲೂ ಕೈತುಂಬ ಉಪ್ಪು. ತರಕಾರಿಯೆಂದರೆ ಬಹುಮಟ್ಟಿಗೆ ಆಲೂಗಡ್ಡೆ. ಸೊಪ್ಪುಸದೆ ದನಕ್ಕೆ, ಮನುಷ್ಯರಿಗಲ್ಲ ಎಂಬ ಭಾವನೆ. ಊಟದ ಮೇಲೆ ಸಿಗರೇಟು. ಅರ್ಧದಷ್ಟು ಗಂಡಸರು ಸೇದುವವರು. ಇದನ್ನು ಬರಿಯ ನಾಲಗೆಯ ಚಾಪಲ್ಯವೆಂದು ತಿಳಿಯಬೇಡಿ. ಯುದ್ಧಕಾಲದಲ್ಲಿ ಹಸಿದಿದ್ದ ಜನಕ್ಕೆ ಬೆಣ್ಣೆಯೇ ಸಮೃದ್ಧಿಯ ಗುರುತು. ಹಾಲು ಮಾರುವವನಿಗೂ ಅದರಲ್ಲಿನ ಕೊಬ್ಬು ನೋಡಿಯೇ ಬೆಲೆ. ಹೀಗೆ ಒಕ್ಕಲಿನವನ ಆದಾಯವೂ ಅವನ ರೋಗವೂ ಒಂದೇ ಕೊಡದಲ್ಲಿದ್ದವು.

ಸಾವುಗಳನ್ನು ಎಣಿಸಿ ಎಣಿಸಿ ಬೇಸತ್ತ ಆ ಪ್ರಾಂತದ ಜನ ಸುಮ್ಮನೆ ಕುಳಿತುಕೊಳ್ಳಲಿಲ್ಲ. 1971ರ ಜನವರಿಯಲ್ಲಿ ಪ್ರಾಂತದ ಗವರ್ನರ್, ಪಾರ್ಲಿಮೆಂಟಿನ ಸದಸ್ಯರು, ಸಂಘಸಂಸ್ಥೆಗಳ ಪ್ರತಿನಿಧಿಗಳು ಎಲ್ಲರೂ ಸೇರಿ ಸರ್ಕಾರಕ್ಕೆ ಅರ್ಜಿ ಬರೆದರು: ಈ ಮಾರಿಯನ್ನು ತಡೆಯಲು ನಮಗೆ ನೆರವು ಬೇಕು ಎಂದು. ಕೇಳಿಕೆ ಜನರಿಂದಲೇ ಬಂದಿತೆಂಬುದನ್ನು ನೆನಪಿಡಿ. ಮುಂದಿನದೆಲ್ಲ ನಿಂತುದು ಅದರ ಮೇಲೆ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಕೂಡಿ 1972ರಲ್ಲಿ ಯೋಜನೆ ಆರಂಭವಾಯಿತು. ಅದರ ಹೊಣೆ ಹೊತ್ತವರು ಡಾಕ್ಟರ್ ಪೆಕ್ಕ ಪುಸ್ಕ. ಆಗ ಅವರಿಗೆ ಮೂವತ್ತು ತುಂಬಿರಲಿಲ್ಲ.

ಹೊಸ ಆಸ್ಪತ್ರೆ ಕಟ್ಟಿ, ಹೃದಯದ ವೈದ್ಯರನ್ನು ಕರೆಸಬಹುದಾಗಿತ್ತು. ಆದರೆ ರೋಗ ಹುಟ್ಟುತ್ತಿದ್ದುದು ಅಡಿಗೆಮನೆಯಲ್ಲಿ, ಅಂಗಡಿಯಲ್ಲಿ, ಹಾಲಿನ ಡೇರಿಯಲ್ಲಿ. ಆದ್ದರಿಂದ ಯೋಜನೆಯವರು ಅಲ್ಲಿಗೇ ಹೋದರು. ಫಿನ್ಲೆಂಡಿನಲ್ಲಿ 1899ರಿಂದ ನಡೆದುಬಂದಿರುವ ಮಾರ್ಥಾ ಎಂಬ ಗೃಹಿಣಿಯರ ಸಂಘವಿದೆ; ನಮ್ಮ ಮಹಿಳಾ ಸಮಾಜಗಳನ್ನು ನೆನೆದರೆ ಅದರ ರೀತಿ ತಿಳಿಯುತ್ತದೆ. ಈ ಸಂಘದ ಹೆಂಗಸರು ಹಳ್ಳಿಗಳಲ್ಲಿ ‘ದೀರ್ಘಾಯುಷ್ಯದ ಕೂಟ’ಗಳನ್ನು ಏರ್ಪಡಿಸಿದರು. ಸಂಜೆ ಎಲ್ಲರೂ ಸೇರುವುದು, ವೈದ್ಯರದೊಂದು ಚಿಕ್ಕ ಮಾತು, ಆಮೇಲೆ ಕೂಡಿ ಅಡಿಗೆ ಮಾಡಿ ಕೂಡಿ ಉಣ್ಣುವುದು. ಕರೇಲಿಯದವರಿಗೆ ಪ್ರಾಣವಾದ ಒಂದು ಮಾಂಸದ ಪಲ್ಯವಿದೆ. ಅದನ್ನು ಬಿಡಿ ಎಂದು ಯಾರೂ ಹೇಳಲಿಲ್ಲ. ಕೊಬ್ಬು ಕಡಿಮೆ ಮಾಡಿ, ಅವರ ನೆಲದಲ್ಲೇ ಬೆಳೆಯುವ ಗಡ್ಡೆ ತರಕಾರಿಗಳನ್ನು ಸೇರಿಸಿದರು. ಹೆಸರು ಅದೇ, ಪಾತ್ರೆ ಅದೇ. ಗಂಡಸರು ಗೊಣಗುತ್ತ ಉಂಡರು, ಆಮೇಲೆ ಗೊಣಗದೆ ಉಂಡರು.

ಪ್ರತಿಯೊಂದು ಹಳ್ಳಿಯಲ್ಲೂ ನಾಲ್ಕು ಜನ ಮಾತು ಕೇಳುವಂಥ ಗಂಡಸರು ಹೆಂಗಸರು ಇರುತ್ತಾರೆ. ಅಂಥ ನೂರಾರು ಜನರನ್ನು ಹುಡುಕಿ, ತಿಳುವಳಿಕೆ ಕೊಟ್ಟು, ನೆರೆಹೊರೆಯವರೊಡನೆ ಮಾತಾಡಲು ಬಿಟ್ಟರು. ವೈದ್ಯರು ಹೇಳಿದರೆ ಉಪದೇಶ. ಪಕ್ಕದ ಮನೆಯವರು ಹೇಳಿದರೆ ಸುದ್ದಿ. ಮುಂದೆ ಹಳ್ಳಿ ಹಳ್ಳಿಗೂ ಪಂದ್ಯ ಹೂಡಿದರು. ಎಲ್ಲರ ರಕ್ತವನ್ನು ಪರೀಕ್ಷಿಸುವುದು, ಎರಡು ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷಿಸುವುದು, ಯಾವ ಹಳ್ಳಿಯ ಕೊಲೆಸ್ಟರಾಲ್ ಹೆಚ್ಚು ಇಳಿಯಿತೋ ಆ ಹಳ್ಳಿಗೆ ಬಹುಮಾನ. ತನಗಾಗಿ ಬೆಣ್ಣೆ ಬಿಡದವನು ಊರಿನ ಮಾನಕ್ಕಾಗಿ ಬಿಟ್ಟ.

ಆದರೆ ಬೆಣ್ಣೆ ಬಿಟ್ಟರೆ ಹಸು ಕಟ್ಟಿದವನ ಗತಿಯೇನು? ಡೇರಿಯವರಿಂದ ವಿರೋಧ ಬಂದೇ ಬಂತು. ಇಲ್ಲಿಯೇ ಈ ಪ್ರಯೋಗದ ವಿವೇಕ ಕಾಣುವುದು. ಆ ಕಾಡಿನಲ್ಲಿ ಬಗೆಬಗೆಯ ಬೆರಿ ಹಣ್ಣುಗಳು ತಾವಾಗಿ ಬೆಳೆಯುತ್ತವೆ. ನಮ್ಮ ನೇರಳೆಯ ಬಣ್ಣದವು ಕೆಲವು, ಕೆಂಪಗೆ ಹುಳಿಯಾದವು ಕೆಲವು. ಹೊಲದಲ್ಲಿಯೂ ಅಂಥವನ್ನು ಬೆಳೆಸಬಹುದು. 1980ರ ದಶಕದಲ್ಲಿ ಯೋಜನೆಯವರು ರೈತರನ್ನೂ ವರ್ತಕರನ್ನೂ ಅಧಿಕಾರಿಗಳನ್ನೂ ಒಂದೆಡೆ ಕೂರಿಸಿ, ಹಾಲಿನ ಜೊತೆಗೆ ಅಥವಾ ಹಾಲಿನ ಬದಲಿಗೆ ಬೆರಿ ಬೆಳೆದು ಮಾರುವ ದಾರಿ ಮಾಡಿದರು. ಆ ಚಳಿಗೆ ಒಗ್ಗುವ, ಸಾಸಿವೆಯ ಜಾತಿಯ ಎಣ್ಣೆಕಾಳಿನ ಬೆಳೆಯೂ ದೇಶದಲ್ಲಿ ಹಬ್ಬಿತು. ಬೆಣ್ಣೆಯ ಜಾಗಕ್ಕೆ ದೇಶದ ಎಣ್ಣೆಯೇ ಬಂತು. ಸಾಸೇಜ್ ಎಂಬ ಮಾಂಸದ ತಿನಿಸು ಮಾಡುವವರು ಕೊಬ್ಬಿನ ಒಂದು ಪಾಲಿಗೆ ಬದಲಾಗಿ ಕಾಡಿನ ಅಣಬೆ ಸೇರಿಸಿದರು. ಯಾರ ಹೊಟ್ಟೆಯ ಮೇಲೂ ಹೊಡೆಯದೆ ಎಲ್ಲರ ಹೊಟ್ಟೆಗೂ ಒಳ್ಳೆಯದಾಗುವಂತೆ ನೋಡಿಕೊಂಡರು ಎನ್ನಬಹುದು.

ಈ ಬೆರಿ ಹಣ್ಣಿನ ಜೊತೆಗೆ ಇನ್ನೊಂದು ಲಾಭವೂ ಬರುತ್ತದೆ. ಫಿನ್ಲೆಂಡಿನಲ್ಲಿ ‘ಎಲ್ಲರ ಹಕ್ಕು’ ಎಂಬ ಹಳೆಯ ಪದ್ಧತಿಯಿದೆ. ಕಾಡು ಯಾರದಾದರೂ ಆಗಲಿ, ಮನೆಯಂಗಳಕ್ಕೂ ಪೈರಿಗೂ ತೊಂದರೆ ಮಾಡದೆ ಯಾರು ಬೇಕಾದರೂ ಅದರಲ್ಲಿ ಅಡ್ಡಾಡಬಹುದು, ಹಿಮದ ಮೇಲೆ ಜಾರುಹಲಗೆ ಕಟ್ಟಿಕೊಂಡು ಓಡಬಹುದು, ಕಾಡುಹಣ್ಣು ಕೀಳಬಹುದು. ಯಂತ್ರದ ಗರಗಸ, ಟ್ರಾಕ್ಟರು, ಕಾರು ಬಂದಮೇಲೆ ಅಲ್ಲಿಯೂ ಮೈದುಡಿಮೆ ತಗ್ಗಿತು. ಹಿಂದೆ ಹೊಟ್ಟೆಪಾಡಿಗಾಗಿ ನಡೆದವರು ಈಗ ಬೇಕೆಂದೇ ನಡೆಯಬೇಕಾಯಿತು. ಆಗ ಈ ಹಕ್ಕು ಕೈಹಿಡಿಯಿತು. ಆಗಸ್ಟ್ ತಿಂಗಳಲ್ಲಿ ಅಜ್ಜಿ ಮೊಮ್ಮಕ್ಕಳು ಬುಟ್ಟಿ ಹಿಡಿದು ಕಾಡಿಗೆ ಹೊರಟರೆ, ಚಳಿಗಾಲಕ್ಕೆ ಹಣ್ಣೂ ಆಯಿತು, ಮೈಲಿಗಟ್ಟಲೆ ನಡಿಗೆಯೂ ಆಯಿತು. ವ್ಯಾಯಾಮವೆಂಬ ದೊಡ್ಡ ಹೆಸರು ಅದಕ್ಕೆ ಬೇಕಾಗಲಿಲ್ಲ.

ಜನ ಮುಂದೆ ನಡೆದಂತೆ ಸರ್ಕಾರವೂ ಹೆಜ್ಜೆ ಹಾಕಿತು. 1976ರಲ್ಲಿ ಹೊಗೆಸೊಪ್ಪಿನ ಜಾಹೀರಾತನ್ನು ನಿಷೇಧಿಸುವ ಕಾಯಿದೆ ಬಂತು. ಉಪ್ಪು ಹೆಚ್ಚಾಗಿರುವ ಆಹಾರದ ಪೊಟ್ಟಣದ ಮೇಲೆ ಹಾಗೆಂದು ಅಚ್ಚುಮಾಡಬೇಕೆಂಬ ನಿಯಮ 1993ರಲ್ಲಿ ಬಂತು. 1948ರಿಂದಲೂ ಆ ದೇಶದ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಉಚಿತ ಊಟವುಂಟು. ಆ ಊಟದಲ್ಲಿ ಹಸಿ ತರಕಾರಿಯೂ ಕೆನೆ ತೆಗೆದ ಹಾಲೂ ಜಾಗ ಪಡೆದವು.

ಫಲವೇನಾಯಿತು? ನಲವತ್ತು ವರ್ಷಗಳ ಕೊನೆಗೆ, ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯನಾಳದ ರೋಗದ ಸಾವು ಶೇಕಡ 80ಕ್ಕಿಂತ ಹೆಚ್ಚು ಇಳಿದಿತ್ತು. 1972ರಲ್ಲಿ ರೊಟ್ಟಿಗೆ ಬೆಣ್ಣೆ ಸವರದ ಮನೆಯೇ ಅಪರೂಪ. ಈಗ ಸವರುವವರೇ ಕಡಿಮೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಹೋಲಿಕೆಗಾಗಿ ಇಟ್ಟುಕೊಂಡಿದ್ದ ನೆರೆಯ ಕುವೋಪಿಯೊ ಪ್ರಾಂತದಲ್ಲಿಯೂ ಸಾವು ಇಳಿಯಿತು. ಆದ್ದರಿಂದ ಈ ಯಶಸ್ಸಿನಲ್ಲಿ ಯೋಜನೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ವಿದ್ವಾಂಸರು ಇಂದಿಗೂ ವಾದಿಸುತ್ತಾರೆ. ಒಳ್ಳೆಯ ಪದ್ಧತಿ ಗಡಿ ದಾಟಿ ಹಬ್ಬುವುದೂ ಸಹಜವೇ. ಸ್ಥೂಲಕಾಯದ ತೊಂದರೆ ಅಲ್ಲಿಯೂ ಹೆಚ್ಚಿದೆ. ಕೆಲಸ ಮುಗಿಯಿತೆಂದು ಅವರು ಹೇಳುವಂತಿಲ್ಲ.

ಅಷ್ಟು ದೂರದ, ಅಷ್ಟು ಚಳಿಯ ಊರಿನ ಕಥೆ ನಮಗೇಕೆ ಎಂದು ನೀವು ಕೇಳಬಹುದು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಿಹಿಮೂತ್ರರೋಗವಿದೆ. ನಮ್ಮ ತಟ್ಟೆಯ ತೊಂದರೆ ಬೇರೆ: ಬಿಳಿಯ ಅನ್ನದ ಗುಡ್ಡೆ, ಸಕ್ಕರೆ, ಕರಿದ ತಿಂಡಿ, ಕುಳಿತ ಕೆಲಸ. ಮದ್ದೂ ಬೇರೆ. ಬೆರಿ ಹಣ್ಣನ್ನು ವಿಮಾನದಲ್ಲಿ ತರಿಸಬೇಕಾಗಿಲ್ಲ. ನೆಲ್ಲಿ, ನೇರಳೆ, ಸೀಬೆ ನಮ್ಮ ಸಂತೆಯಲ್ಲೇ ಇವೆ. ರಾಗಿ, ಜೋಳ, ನವಣೆ, ಹತ್ತು ಬಗೆಯ ಸೊಪ್ಪು ಇವೆ. ಆದರೆ ಅವು ತಟ್ಟೆಗೆ ಬರುವ ರೀತಿಯನ್ನು ಕರೇಲಿಯದವರಿಂದ ಕಲಿಯಬಹುದು. ವನಸ್ಪತಿಯಲ್ಲಿನ ಕೆಟ್ಟ ಕೊಬ್ಬಿಗೆ 2022ರಲ್ಲಿ ನಮ್ಮ ಸರ್ಕಾರ ಶೇಕಡ 2ರ ಮಿತಿ ಹಾಕಿತು. ಯಾವ ಗೃಹಿಣಿಯೂ ತನ್ನ ಅಡಿಗೆಮನೆಯಲ್ಲಿ ನಿಂತು ಮಾಡಲಾಗದ ಕೆಲಸವದು. ಹಾಗೆಯೇ ಸರ್ಕಾರ ಮಾಡಲಾರದ ಕೆಲಸಗಳೂ ಇವೆ. ಬಡಾವಣೆಯ ಮಹಿಳಾ ಸಮಾಜ ತಿಂಗಳಿಗೊಮ್ಮೆ ಕೂಡಿ ಅಡಿಗೆ ಮಾಡಬಹುದು. ಬೀದಿಯ ಹತ್ತು ಮನೆಯವರು ಒಟ್ಟಾಗಿ ಕೇಳಿದರೆ ಅಂಗಡಿಯವನು ನವಣೆ ತರಿಸಿಯೇ ತರಿಸುತ್ತಾನೆ. ಮದುವೆಯ ಎಲೆಯಲ್ಲಿ ಒಂದು ಸಿಹಿ ಕಡಿಮೆಯಾಗಿ ಒಂದು ಕೋಸಂಬರಿ ಹೆಚ್ಚಾದರೆ ಬೀಗರ ಮಾನವೇನೂ ಹೋಗದು. ಕೆರೆಯ ಏರಿಯ ಮೇಲೆ ಸಂಜೆ ನಾಲ್ಕು ಮನೆಯವರು ಸೇರಿ ನಡೆದರೆ, ಐದನೆಯ ಮನೆಯವರು ಬಾಗಿಲು ತೆಗೆದು ನೋಡುತ್ತಾರೆ. ಆರನೆಯ ದಿನ ಜೊತೆಗೂಡುತ್ತಾರೆ.

ಊಟ ಬಲ್ಲವನಾಗುವುದು ಕಷ್ಟದ ಸಾಧನೆ. ಊಟ ಬಲ್ಲ ಊರಿನಲ್ಲಿ ಬಾಳುವುದು ಸುಲಭ. ಅಂಥ ಊರನ್ನು ಕಟ್ಟುವ ಕೆಲಸ ಇಂದಿನ ಸಂಜೆಯ ಅಡಿಗೆಯಿಂದ, ನಾಳೆಯ ಸಂತೆಯಿಂದ, ಪಕ್ಕದ ಮನೆಯವರನ್ನು ಒಂದು ಸಲ ಕರೆಯುವುದರಿಂದ ಮೊದಲಾಗಲಿ.