ಮೊದಲು ಒಂದು ಪಂಚೆ

(ಹೈದರಾಬಾದಿನ ನಮ್ಮ ಸಂಘದ ಭಾನುವಾರದ ಸಭೆಯಲ್ಲಿ ಮಾಡಿದ ಭಾಷಣ)



ಇವತ್ತಿನ ವಿಷಯ ಹೇಳಿದರೆ ಹಿಂದಿನ ಸಾಲಿನವರು ನಗುತ್ತೀರಿ. ನಗಿರಿ, ಆಮೇಲೆ ಕೇಳಿರಿ. ಬೀದಿಯಲ್ಲಿ ಬೆತ್ತಲೆ ಇದ್ದನೆಂದು ಪೊಲೀಸರು ಹಿಡಿದೊಯ್ದ ಮನುಷ್ಯನಿಗೆ ಠಾಣೆಯಲ್ಲಿ ಏನಾಗುತ್ತದೆ, ಏನಾಗಬೇಕು ಎಂಬುದೇ ವಿಷಯ. ಬೋನಸ್ಸು, ಪಾಳಿ, ಸಂಬಳದ ಮಾತು ಬಿಟ್ಟು ಇದೇಕೆ ಎನ್ನಬೇಡಿರಿ. ರಾತ್ರಿ ಹೋಟೆಲು ಮುಚ್ಚಿದ ಮೇಲೆ ಹಿಂಬದಿಯ ನಲ್ಲಿಯ ಕೆಳಗೆ ಲಂಗೋಟಿಯಲ್ಲಿ ನಿಂತು ಸ್ನಾನ ಮಾಡದವರು ಇಲ್ಲಿ ಯಾರಿದ್ದೀರಿ, ಕೈ ಎತ್ತಿರಿ. ನೋಡಿ, ಹೋಟೆಲಿನವರಲ್ಲಿ ಒಂದೂ ಕೈ ಮೇಲಿಲ್ಲ.

ನಾನು ಪ್ಲೇಟು ತೊಳೆಯುತ್ತಿದ್ದಾಗ ಯಾದಗಿರಿ ಕಡೆಯ ಹುಡುಗನೊಬ್ಬ ಜೊತೆಯಲ್ಲಿದ್ದ. ಇಪ್ಪತ್ತು ವರ್ಷವಿರಬಹುದು. ಹೆಸರು ಬೇಡ. ಒಂದು ರಾತ್ರಿ ಹನ್ನೆರಡು ಹೊಡೆದ ಮೇಲೆ ಕಡಾಯಿ ಉಜ್ಜಿ ಮುಗಿಸಿ, ಮೈಯೆಲ್ಲ ಎಣ್ಣೆಮಸಿ ಎಂದು ಸ್ನಾನಕ್ಕೆ ನಿಂತ. ನಲ್ಲಿ ರಸ್ತೆಗೆ ಕಾಣುವ ಜಾಗದಲ್ಲಿತ್ತು. ಗಸ್ತಿನವರು ಬಂದರು. "ಪಂಚೆ ಸುತ್ತಿಕೊಂಡು ಬರುತ್ತೇನೆ ಸಾಹೇಬರೆ" ಎಂದ. ಬಿಡಲಿಲ್ಲ. ಹಾಗೆಯೇ ಜೀಪಿಗೆ ಹತ್ತಿಸಿದರು. ಠಾಣೆಯಲ್ಲಿ ಆ ಲಂಗೋಟಿಯನ್ನೂ ಬಿಚ್ಚಿಸಿದರು. ನೇಣು ಹಾಕಿಕೊಂಡರೆ ಜವಾಬ್ದಾರಿ ಯಾರದು ಎಂಬುದು ಅವರ ಉತ್ತರ. ಬಟ್ಟೆಯಿಲ್ಲವೆಂದು ಹಿಡಿದು ತಂದವರೇ ಇದ್ದ ಒಂದು ತುಂಡನ್ನೂ ತೆಗೆದುಕೊಂಡರು!

ಬೆಳಿಗ್ಗೆ ನಾನು ಹೋದೆ. ಗಲ್ಲಾದವರ ಹತ್ತಿರ ಸಾಲ ಕೇಳಿ ಹಣ ಹಿಡಿದುಕೊಂಡು ಹೋಗಿದ್ದೆ. ಒಂದು ಟವೆಲು ಒಯ್ಯಬೇಕೆಂದು ನನಗೆ ಹೊಳೆಯಲಿಲ್ಲ. ಅವನು ಲಾಕಪ್ಪಿನ ಮೂಲೆಯಲ್ಲಿ ಮೊಣಕಾಲು ಅಪ್ಪಿಕೊಂಡು ಕುಳಿತಿದ್ದ. ನನ್ನನ್ನು ಕಂಡೊಡನೆ ಮುಖ ಗೋಡೆಗೆ ತಿರುಗಿಸಿದ. ಅವನು ಬಿಡುಗಡೆಯಾಗಿ ಬಂದು ನಾಲ್ಕು ದಿನ ಕೆಲಸ ಮಾಡಿದ, ಐದನೆಯ ದಿನ ಬಾಕಿ ಸಂಬಳವನ್ನೂ ಕೇಳದೆ ಊರಿಗೆ ಹೋಗಿಬಿಟ್ಟ. ದಂಡ ಎಷ್ಟಾಯಿತೆಂಬುದು ನನಗೆ ಮರೆತಿದೆ. ಆ ಬೆನ್ನು ಮರೆತಿಲ್ಲ.

ಆಮೇಲೆ ನಾಂಪಲ್ಲಿ ಕೋರ್ಟಿನ ವಕೀಲರೊಬ್ಬರು ನನಗೆ ಕಾನೂನು ಓದಿ ಹೇಳಿದರು. ನಾನು ಓದಿದ್ದು ಮಿಡ್ಲ್ ಸ್ಕೂಲು, ಆದರೂ ಈ ಒಂದು ಮಾತು ಬಾಯಿಪಾಠವಾಗಿದೆ. ಬಂಧಿಸಿದವನನ್ನು ಶೋಧಿಸಿ ಅವನ ಬಳಿ ಇರುವ ವಸ್ತುಗಳನ್ನು ಪೊಲೀಸರು ತಮ್ಮ ವಶದಲ್ಲಿ ಇಟ್ಟುಕೊಳ್ಳಬಹುದು, ಆದರೆ ಉಡಲು ಬೇಕಾದ ಬಟ್ಟೆಯನ್ನು ಬಿಟ್ಟು. ಬ್ರಿಟಿಷರು 1898ರಲ್ಲಿ ಮಾಡಿದ ಕಾನೂನಿನಲ್ಲೇ ಇದು ಇತ್ತು. 1973ರ ಸಂಹಿತೆಯ 51ನೆಯ ಕಲಮಿನಲ್ಲಿ ಉಳಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 49ನೆಯ ಕಲಮು. ಹೆಂಗಸನ್ನು ಹೆಂಗಸೇ, ಮರ್ಯಾದೆ ಕೆಡದಂತೆ ಶೋಧಿಸಬೇಕೆಂಬುದೂ ಅಲ್ಲಿಯೇ ಇದೆ. ಪರದೇಶದ ದೊರೆಗಳು ಬರೆದಿಟ್ಟ ಮರ್ಯಾದೆಯನ್ನು ನಮ್ಮ ಠಾಣೆಗಳು ಇನ್ನೂ ಕಲಿಯಬೇಕಾಗಿದೆ.

ಇನ್ನು ಅಪರಾಧವಾದರೂ ಎಷ್ಟರದು? ಸಾರ್ವಜನಿಕ ಜಾಗದಲ್ಲಿ ಅಶ್ಲೀಲವಾಗಿ ನಡೆದುಕೊಂಡರೆ ಹಳೆಯ ದಂಡಸಂಹಿತೆಯಲ್ಲಿ 294, ಈಗಿನ ನ್ಯಾಯ ಸಂಹಿತೆಯಲ್ಲಿ 296. ಹೆಚ್ಚೆಂದರೆ ಮೂರು ತಿಂಗಳ ಸಜೆ, ಇಲ್ಲವೆ ದಂಡ, ಇಲ್ಲವೆ ಎರಡೂ. ಜಾಮೀನು ಕೇಳಿದರೆ ಕೊಡಲೇಬೇಕಾದ ಕೇಸು ಅದು. ಕೊಲೆಗಾರನಿಗೂ ಬೇಡದ ಶಿಕ್ಷೆಯನ್ನು ಸ್ನಾನ ಮಾಡಿದವನಿಗೆ ಒಂದೇ ರಾತ್ರಿಯಲ್ಲಿ ಕೊಟ್ಟುಬಿಡುತ್ತಾರೆ.

ನೇಣಿನ ನೆಪ ನಮ್ಮ ಊರಿನದು ಮಾತ್ರವಲ್ಲ. 2022ರ ಏಪ್ರಿಲ್‌ನಲ್ಲಿ ಮಧ್ಯಪ್ರದೇಶದ ಸೀಧಿಯಲ್ಲಿ ಪತ್ರಕರ್ತರನ್ನೂ ನಾಟಕದವರನ್ನೂ ಠಾಣೆಯಲ್ಲಿ ಚಡ್ಡಿಯ ಮೇಲೆ ಸಾಲಾಗಿ ನಿಲ್ಲಿಸಿದ ಫೋಟೋ ದೇಶವೆಲ್ಲ ನೋಡಿತು. ಅಲ್ಲಿಯೂ ಅದೇ ಉತ್ತರ. ಫೋಟೋ ಹೊರಬಿದ್ದ ಮೇಲೆ ಅಧಿಕಾರಿಯನ್ನು ಆ ಠಾಣೆಯಿಂದ ತೆಗೆದರು. ಫೋಟೋ ಇಲ್ಲದಿದ್ದರೆ? ನಮ್ಮ ಊರಲ್ಲೇ 2018ರ ಏಪ್ರಿಲ್ 7ರಂದು ನಟಿ ಶ್ರೀರೆಡ್ಡಿ ಫಿಲ್ಮ್ ಚೇಂಬರಿನ ಎದುರು ಬಟ್ಟೆ ಕಳಚಿ ಕುಳಿತು ಪ್ರತಿಭಟಿಸಿದರು. ಪೊಲೀಸರು ಕರೆದೊಯ್ದರು. ಆದರೆ ಸುತ್ತ ಕ್ಯಾಮೆರಾಗಳಿದ್ದವು, ಮಾನವ ಹಕ್ಕುಗಳ ಆಯೋಗ ತಾನಾಗಿಯೇ ಸರ್ಕಾರಕ್ಕೆ ನೋಟೀಸು ಕೊಟ್ಟಿತು. ಕಡಾಯಿ ಉಜ್ಜುವವನ ಸುತ್ತ ಯಾವ ಕ್ಯಾಮೆರಾ ಇದೆ? ಪ್ರತಿ ಠಾಣೆಯಲ್ಲೂ, ಲಾಕಪ್ಪಿನಲ್ಲೂ ಕ್ಯಾಮೆರಾ ಇರಬೇಕೆಂದು ಸುಪ್ರೀಂ ಕೋರ್ಟು 2020ರ ಡಿಸೆಂಬರಿನಲ್ಲಿ ಹೇಳಿದೆ. ಇದನ್ನು ನೆನಪಿನಲ್ಲಿಡಿರಿ, ಕೇಳುವಾಗ ಬೇಕಾಗುತ್ತದೆ.

ಪೊಲೀಸರ ಕಷ್ಟ ನನಗೆ ಗೊತ್ತಿಲ್ಲವೆಂದಲ್ಲ. ಅವರೂ ಸಂಬಳದವರೇ. 1986ರ ಮಾರ್ಚಿನಲ್ಲಿ ಶಿವಮೊಗ್ಗ ಜಿಲ್ಲೆಯ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ನಿಲ್ಲಿಸಲು ಹೋದಾಗ ಗುಂಪು ಸೇರಿದವರು ಕಾರ್ಯಕರ್ತರ ಮೈಮೇಲಿನ ಬಟ್ಟೆ ಕಿತ್ತರು, ಪೊಲೀಸರ ಬಟ್ಟೆಯನ್ನೂ ಕಿತ್ತರು. ಮಹಿಳಾ ಪೊಲೀಸರನ್ನೂ ಬಿಡಲಿಲ್ಲ. ಆ ಸೇವೆ ನಿಷೇಧವಾಯಿತು, ಒಳ್ಳೆಯದಾಯಿತು. ನಾನು ಹೇಳುವುದಿಷ್ಟೆ: ಬಟ್ಟೆ ಕಿತ್ತುಕೊಂಡರೆ ಮನುಷ್ಯನಿಗೆ ಏನಾಗುತ್ತದೆಂಬುದನ್ನು ಖಾಕಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ.

ಇನ್ನೊಂದು ಮಾತು. ಹೋಟೆಲಿನ ಮುಂದೆ ಒಮ್ಮೊಮ್ಮೆ ಬುದ್ಧಿ ಸ್ಥಿಮಿತದಲ್ಲಿಲ್ಲದವರು ಬರಿಮೈಯಲ್ಲಿ ಬಂದು ನಿಲ್ಲುತ್ತಾರೆ. ಗಿರಾಕಿ ಹೋಗುತ್ತಾರೆಂದು ನೀರು ಎರಚುವವರು ನಾವೇ, ಪೊಲೀಸರನ್ನು ಕರೆಯುವವರೂ ನಾವೇ. ನಾನೂ ಎರಚಿದ್ದೇನೆ. 2017ರ ಮಾನಸಿಕ ಆರೋಗ್ಯ ಕಾನೂನಿನ 100ನೆಯ ಕಲಮಿನಂತೆ ಅಂಥವರನ್ನು ಪೊಲೀಸರು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿಗೆ ಹಾಕಕೂಡದು. ಎರ್ರಗಡ್ಡದ ಮಾನಸಿಕ ಆಸ್ಪತ್ರೆ ಇರುವುದು ಇದೇ ಊರಿನಲ್ಲಿ. ಕರೆಯುವಾಗ "ಕಳ್ಳ" ಎನ್ನಬೇಡಿರಿ, "ಕಾಯಿಲೆಯವರು" ಎನ್ನಿರಿ. ಬರುವ ಜೀಪು ಯಾವ ಕಡೆ ಹೋಗುತ್ತದೆಂಬುದು ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಮಾಲೀಕರಿಗೆ ಕೊಡುವ ಈ ವರ್ಷದ ಬೇಡಿಕೆ ಪಟ್ಟಿಯಲ್ಲಿ ಬಾಗಿಲಿರುವ ಬಚ್ಚಲುಮನೆ ಎಂದು ಬರೆಸಿದ್ದೇನೆ. ಸಂಬಳದ ಸಾಲಿನ ಕೆಳಗೇ ಇದೆ. ಅದನ್ನು ಹೊಡೆದು ಹಾಕಿಸಲು ಯಾರೂ ಒಪ್ಪಬೇಡಿರಿ.

ಸಂಘದ ಬೀರುವಿನಲ್ಲಿ ಇವತ್ತಿನಿಂದ ಎರಡು ಪಂಚೆ, ಎರಡು ಅಂಗಿ, ಒಂದು ಸೀರೆ ಇರುತ್ತವೆ. ನಮ್ಮವರು ಯಾರೇ ಠಾಣೆಯಲ್ಲಿದ್ದಾರೆಂದು ತಿಳಿದರೂ ಹಣಕ್ಕೆ ಓಡುವ ಮುಂಚೆ ಬೀರುವಿಗೆ ಬನ್ನಿರಿ. ಕೀಲಿಕೈ ಒಂದು ನನ್ನ ಹತ್ತಿರ ಇದೆ, ಇನ್ನೊಂದನ್ನು ಕಾಚಿಗುಡದ ಕಡೆ ರಾತ್ರಿ ಎಚ್ಚರವಿರುವ ಯಾರಾದರೂ ಇಟ್ಟುಕೊಳ್ಳಬೇಕು. ಯಾರು ಇಟ್ಟುಕೊಳ್ಳುತ್ತೀರಿ?