ಮುಪ್ಪಾದ ರಬ್ಬರ್ ಇನ್ಸುಲೇಟರ್‌ಗೆ ಮದ್ದೇನು?

(ಶಿಕ್ಷಕರ ಮತ್ತು ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ನಾನು ಉರ್ದು, ಕನ್ನಡ ಕಲಿಸುವವನು. ವಿದ್ಯುತ್ತಿನ ವಿಷಯ ನನ್ನದಲ್ಲ. ಆದರೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸರ್, ಮಂಜು ಬಿದ್ದ ದಿನ ನಮ್ಮ ಹೊಲದಾಗಿನ ಟವರ್ ಚುರ್ ಚುರ್ ಅಂತದ. ಯಾಕ್ರೀ?" ಉತ್ತರ ಗೊತ್ತಿರಲಿಲ್ಲ. ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ತಮ್ಮ ಮುಂದಿಡುತ್ತೇನೆ.

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಅಂದಿನಿಂದಲೂ ತಂತಿಯ ವಿದ್ಯುತ್ತು ಕಂಬಕ್ಕೆ ಇಳಿಯದಂತೆ ತಡೆಯುವುದು ಇನ್ಸುಲೇಟರ್. ಮೊದಲು ಪಿಂಗಾಣಿಯದು. ಈಗ ಅನೇಕ ಕಡೆ ಸಿಲಿಕೋನ್ ರಬ್ಬರಿನದು. ಒಳಗೆ ಗಾಜಿನ ನಾರಿನ ಗಟ್ಟಿ ಸಲಾಕೆ, ಹೊರಗೆ ರಬ್ಬರಿನ ಹೊದಿಕೆ. ಕೆಸುವಿನ ಎಲೆಯ ಮೇಲಿನಂತೆ ಇದರ ಮೇಲೂ ನೀರು ಹರಡದೆ ಹನಿಯಾಗಿ ಉರುಳುತ್ತದೆ. ಇದೇ ಅದರ ಗುಣ.

ಬಿಸಿಲು, ಧೂಳು, ಹೊಗೆಯ ಮಸಿಯಿಂದ ವರ್ಷಗಳು ಕಳೆದಂತೆ ಈ ಗುಣ ಕುಂದುತ್ತದೆ. ಧೂಳು ಮಂಜಿನಲ್ಲಿ ನೆನೆದಾಗ ಸಣ್ಣ ವಿದ್ಯುತ್ತು ಮೇಲ್ಮೈಯಲ್ಲಿ ಹರಿದು ಕಿಡಿಯಾಡುತ್ತದೆ. ಆ ಹುಡುಗಿ ಕೇಳಿದ ಸದ್ದಿಗೆ ಇದೂ ಒಂದು ಕಾರಣ. ಕಿಡಿ ರಬ್ಬರನ್ನು ಮೆಲ್ಲಗೆ ಸವೆಸುತ್ತದೆ.

ಹಾಗಾದರೆ ದುರಸ್ತಿ ಹೇಗೆ? ಮೊದಲು ಪರೀಕ್ಷೆ. ನೀರು ಸಿಂಪಡಿಸಿ ನೋಡುತ್ತಾರೆ. ಬಿಡಿ ಹನಿಗಳಾದರೆ ಒಂದನೇ ದರ್ಜೆ. ಪೂರ್ತಿ ಹರಡಿ ಪದರವಾದರೆ ಏಳನೇ ದರ್ಜೆ. ಸೋಜಿಗವೆಂದರೆ, ಮೇಲ್ಮೈ ಕೆಟ್ಟರೂ ರಬ್ಬರಿನ ಒಳಗಿನ ಎಣ್ಣೆಯಂಥ ಅಂಶ ಹೊರಬಂದು, ಸ್ವಲ್ಪ ವಿಶ್ರಾಂತಿ ಸಿಕ್ಕರೆ ತಾನೇ ಚೇತರಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ಲೈನ್ ಬಂದ್ ಮಾಡಿ, ತೊಳೆದು, ಒಣಗಿಸಿ, ಗಾಳಿಯಲ್ಲೇ ಗಟ್ಟಿಯಾಗುವ ಸಿಲಿಕೋನ್ ಲೇಪ ಹಚ್ಚುತ್ತಾರೆ. ಆದರೆ ಹೊದಿಕೆ ಸೀಳಿ ಒಳಗಿನ ಸಲಾಕೆ ಕಂಡರೆ ಲೇಪದಿಂದ ಉಪಯೋಗವಿಲ್ಲ. ನೀರು ಒಳಹೊಕ್ಕು ಸಲಾಕೆ ಒಮ್ಮೆಲೆ ಮುರಿದು ತಂತಿ ಕೆಳಗೆ ಬೀಳಬಹುದು. ಅಂಥದನ್ನು ಬದಲಿಸಲೇಬೇಕು.

ಪಾಲಕರಲ್ಲಿ ಒಂದು ವಿನಂತಿ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಕಬ್ಬಿನ ಸೀಮೆ. ಲೈನ್ ಕೆಳಗೆ ರವದಿ ಸುಡಬೇಡಿ. ಉರಿ, ಹೊಗೆ ಎದ್ದರೆ ತಂತಿಯಿಂದ ನೆಲಕ್ಕೇ ಕಿಡಿ ಹಾರಬಹುದು, ಜೀವಕ್ಕೇ ಅಪಾಯ. ಮಕ್ಕಳೇ, ಇನ್ಸುಲೇಟರ್‌ಗೆ ಕಲ್ಲು ಹೊಡೆಯಬೇಡಿ, ತಂತಿಯ ಹತ್ತಿರ ಗಾಳಿಪಟ ಹಾರಿಸಬೇಡಿ. ತಂತಿ ಹರಿದು ಬಿದ್ದಿದ್ದರೆ ದೂರ ನಿಂತು ದೊಡ್ಡವರಿಗೆ ಹೇಳಿರಿ.

ಇನ್ನೊಂದು ಮಾತು. ಬೆಂಗಳೂರಿನಲ್ಲಿ 1960ರಿಂದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ಇನ್ಸುಲೇಟರ್‌ಗಳ ಪರೀಕ್ಷೆ ಅಲ್ಲಿ ನಡೆಯುತ್ತದೆ. ಪ್ರಶ್ನೆ ಕೇಳಿದ ಆ ಹುಡುಗಿ ಮುಂದೊಂದು ದಿನ ಅಲ್ಲಿ ಏಕೆ ಕೆಲಸ ಮಾಡಬಾರದು? ಹತ್ತನೇ ತರಗತಿಗೇ ಅವಳ ಓದು ನಿಲ್ಲಿಸದಿದ್ದರೆ ಸಾಕು. ಅದು ನಿಮ್ಮ ಕೈಯಲ್ಲಿದೆ.